ರಾಮಕೃಷ್ಣ ಹೆಗಡೆ

ರಾಮಕೃಷ್ಣ ಮಹಾಬಲೇಶ್ವರ ಹೆಗಡೆ (29 ಆಗಸ್ಟ್ 1926 – 12 ಜನವರಿ 2004) ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ. 1983ರ ಜನವರಿಯಿಂದ 1988ರ ಆಗಸ್ಟ್‌ವರೆಗೆ ಆ ಹುದ್ದೆಯಲ್ಲಿದ್ದ ಅವರು ಮುಂದೆ ಯೋಜನಾ ಆಯೋಗದ ಉಪಾಧ್ಯಕ್ಷರಾಗಿಯೂ ಕೇಂದ್ರದ ವಾಣಿಜ್ಯ ಸಚಿವರಾಗಿಯೂ ಕಾರ್ಯನಿರ್ವಹಿಸಿದರು. ಲಿಂಗಾಯತ ಮತ್ತು ಒಕ್ಕಲಿಗ ಸಮುದಾಯಗಳ ಪೈಪೋಟಿಯ ಸುತ್ತಲೇ ಅಧಿಕಾರ ತಿರುಗುತ್ತಿದ್ದ ರಾಜ್ಯದಲ್ಲಿ, ಸಂಖ್ಯಾಬಲವಿಲ್ಲದ ಹವ್ಯಕ ಬ್ರಾಹ್ಮಣ ಸಮುದಾಯದ ಹೆಗಡೆಯವರು ಪಕ್ಷದೊಳಗಿನ ನಾಯಕತ್ವದ ಸ್ಪರ್ಧೆಯಲ್ಲಿ ಮೇಲುಗೈ ಪಡೆದದ್ದು ಅವರ ರಾಜಕೀಯ ಜೀವನದ ಮುಖ್ಯ ಘಟನೆ.

ಜನನ ಮತ್ತು ಹಿನ್ನೆಲೆ

ಹೆಗಡೆಯವರು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ದೊಡ್ಮನೆಯಲ್ಲಿ ಜನಿಸಿದರು. ತಂದೆ ಮಹಾಬಲೇಶ್ವರ ಹೆಗಡೆ, ತಾಯಿ ಸರಸ್ವತಿ. ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ಘಟ್ಟದ ಮೇಲಿನ ಅಡಿಕೆ ಸೀಮೆಯ ತಾಲೂಕುಗಳು. ಕಣಿವೆಗಳಲ್ಲಿ ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ಅಲ್ಲಲ್ಲಿ ಗದ್ದೆ, ಉಳಿದಂತೆ ಕಾಡು. ತೋಟಗಾರರಲ್ಲಿ ಹವ್ಯಕರೇ ಹೆಚ್ಚು. ಅವರ ಜೊತೆಗೆ ನಾಮಧಾರಿಗಳು, ಕರಿ ಒಕ್ಕಲಿಗರು, ಯಲ್ಲಾಪುರದ ಕಾಡಂಚಿನ ಸಿದ್ದಿಗಳು ಮತ್ತು ಗೌಳಿಗರು ಮೊದಲಾದ ಅನೇಕ ಸಮುದಾಯಗಳು ಇಲ್ಲಿವೆ. ಭೂಮಿ, ವಿದ್ಯೆ ಮತ್ತು ಸಹಕಾರಿ ಸಂಘಗಳ ಮೂಲಕ ಹವ್ಯಕರಿಗೆ ಇಲ್ಲಿ ಪ್ರಭಾವವಿದ್ದರೂ ಕೇವಲ ತಮ್ಮ ಮತಗಳಿಂದ ಚುನಾವಣೆ ಗೆಲ್ಲುವಷ್ಟು ಸಂಖ್ಯೆ ತವರಿನಲ್ಲಿಯೂ ಇರಲಿಲ್ಲ. ಪರರ ಮತ ಪಡೆಯದೆ ಇಲ್ಲಿಯ ಯಾವ ಹವ್ಯಕ ರಾಜಕಾರಣಿಗೂ ಗೆಲುವು ಸಾಧ್ಯವಿಲ್ಲವೆಂಬುದನ್ನು ಹೆಗಡೆಯವರು ಮೊದಲಿನಿಂದಲೇ ಕಂಡವರು.

1930ರ ದಶಕದ ಆರಂಭದಲ್ಲಿ ಸಿದ್ದಾಪುರ ಮತ್ತು ಅಂಕೋಲಾ ತಾಲೂಕುಗಳು ಕರನಿರಾಕರಣೆ ಚಳವಳಿಗೆ ಹೆಸರಾಗಿದ್ದವು. ಹೆಗಡೆಯವರ ಬಾಲ್ಯ ಕಳೆದದ್ದು ಆ ವಾತಾವರಣದಲ್ಲಿ. ಕಾಶಿ ವಿದ್ಯಾಪೀಠದಲ್ಲಿ ವ್ಯಾಸಂಗ ಮಾಡಿ, ಲಖನೌ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದರು. 1942ರ ಭಾರತ ಬಿಟ್ಟು ತೊಲಗಿ ಚಳವಳಿಯಲ್ಲಿ ಭಾಗವಹಿಸಿದ್ದರು.

ಕಾಂಗ್ರೆಸ್ಸಿನಲ್ಲಿ

ಉತ್ತರ ಕನ್ನಡವು ಮುಂಬಯಿ ರಾಜ್ಯದಲ್ಲಿದ್ದ ಕಾಲದಲ್ಲಿಯೇ, 1954ರಲ್ಲಿ, ಹೆಗಡೆಯವರು ಜಿಲ್ಲಾ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ರಾಜ್ಯಗಳ ಪುನರ್ವಿಂಗಡಣೆಯ ನಂತರ ನಡೆದ 1957ರ ಚುನಾವಣೆಯಲ್ಲಿ ಶಿರಸಿಯಿಂದ ಮೈಸೂರು ವಿಧಾನಸಭೆಗೆ ಆಯ್ಕೆಯಾದರು. ಎಸ್. ನಿಜಲಿಂಗಪ್ಪ ಮತ್ತು ವೀರೇಂದ್ರ ಪಾಟೀಲರ ಸಂಪುಟಗಳಲ್ಲಿ ಸಹಕಾರ, ಕೈಗಾರಿಕೆ, ಹಣಕಾಸು ಸೇರಿದಂತೆ ಹಲವು ಖಾತೆಗಳನ್ನು ನಿರ್ವಹಿಸಿದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ಅವರು ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. ನಿಜಲಿಂಗಪ್ಪ ಮತ್ತು ಪಾಟೀಲ ಇಬ್ಬರೂ ಲಿಂಗಾಯತ ನಾಯಕರು. ಅವರೊಂದಿಗಿನ ಈ ದೀರ್ಘ ಒಡನಾಟವೇ ಉತ್ತರ ಕರ್ನಾಟಕದ ಲಿಂಗಾಯತ ಮತದಾರರು ಮುಂದೆ ಹೆಗಡೆಯವರನ್ನು ತಮ್ಮವರೆಂದು ಕಾಣಲು ಕಾರಣವಾಯಿತು.

ತುರ್ತುಪರಿಸ್ಥಿತಿಯಲ್ಲಿ ಬಂಧಿತರಾದ ಹೆಗಡೆಯವರು 1977ರಲ್ಲಿ ಜನತಾ ಪಕ್ಷ ಸೇರಿದರು. 1978ರಲ್ಲಿ ರಾಜ್ಯಸಭೆ ಪ್ರವೇಶಿಸಿ, ಪಕ್ಷದ ಅಖಿಲ ಭಾರತ ಪ್ರಧಾನ ಕಾರ್ಯದರ್ಶಿಯಾದರು.

1983: ನಾಯಕತ್ವದ ಸ್ಪರ್ಧೆ

1980ರ ನರಗುಂದ–ನವಲಗುಂದ ರೈತ ಹೋರಾಟ ಮತ್ತು 1982ರ ಗೋಕಾಕ್ ಚಳವಳಿಗಳು ಆರ್. ಗುಂಡೂರಾವ್ ಸರ್ಕಾರದ ಮೇಲಿನ ಜನರ ವಿಶ್ವಾಸವನ್ನು ಕುಂದಿಸಿದ್ದವು. ಜನತಾ ಪಕ್ಷವು, ದೇವರಾಜ ಅರಸು ಸ್ಥಾಪಿಸಿ ಅವರ ನಿಧನಾನಂತರ ಎಸ್. ಬಂಗಾರಪ್ಪ ಮುನ್ನಡೆಸಿದ ಕ್ರಾಂತಿರಂಗದೊಡನೆ ಕೂಡಿ 1983ರ ಜನವರಿಯ ಚುನಾವಣೆ ಎದುರಿಸಿತು. ಈ ಕೂಟಕ್ಕೆ 95, ಕಾಂಗ್ರೆಸ್ಸಿಗೆ 82, ಭಾರತೀಯ ಜನತಾ ಪಕ್ಷಕ್ಕೆ 18 ಸ್ಥಾನಗಳು ದೊರೆತವು.

ಚುನಾವಣೆಗಿಂತ ಕಠಿಣವಾದದ್ದು ಆ ಬಳಿಕದ ನಾಯಕನ ಆಯ್ಕೆ. ಹಳೆ ಮೈಸೂರಿನ ಒಕ್ಕಲಿಗರಲ್ಲಿ ಎಚ್.ಡಿ. ದೇವೇಗೌಡ, ಉತ್ತರ ಕರ್ನಾಟಕದ ಲಿಂಗಾಯತರಲ್ಲಿ ಎಸ್.ಆರ್. ಬೊಮ್ಮಾಯಿ, ಹಿಂದುಳಿದ ವರ್ಗಗಳಲ್ಲಿ ಬಂಗಾರಪ್ಪ ಪ್ರಮುಖರಾಗಿದ್ದರು. ಒಕ್ಕಲಿಗರೊಬ್ಬರು ಮುಖ್ಯಮಂತ್ರಿಯಾಗುವುದು ಲಿಂಗಾಯತ ಶಾಸಕರಿಗೆ, ಲಿಂಗಾಯತರೊಬ್ಬರು ಆಗುವುದು ಒಕ್ಕಲಿಗ ಶಾಸಕರಿಗೆ ಸಮ್ಮತವಿರಲಿಲ್ಲ. ಅರಸು ಪರಂಪರೆಯ ವಾರಸುದಾರರಾದ ಬಂಗಾರಪ್ಪನವರನ್ನು ಒಪ್ಪಲು ಎರಡೂ ಬಣಗಳು ಹಿಂಜರಿದವು. ಆಗ ಶಾಸಕರೇ ಅಲ್ಲದ, ರಾಜ್ಯಸಭೆಯಲ್ಲಿದ್ದ ಹೆಗಡೆಯವರ ಹೆಸರು ಮುಂದೆ ಬಂದಿತು. ಬೆನ್ನ ಹಿಂದೆ ದೊಡ್ಡ ಜಾತಿಯಿಲ್ಲದ ನಾಯಕನಿಂದ ಯಾರಿಗೂ ಶಾಶ್ವತ ಭಯವಿಲ್ಲವೆಂಬ ಎಣಿಕೆ ಅದರ ಹಿಂದಿತ್ತು. ಹೆಗಡೆಯವರ ಆಡಳಿತಾನುಭವ ಮತ್ತು ದೆಹಲಿಯ ಸಂಪರ್ಕಗಳು ನೆರವಾದವು, ಆದರೆ ನಿರ್ಣಾಯಕವಾದದ್ದು ಈ ಎಣಿಕೆಯೇ ಎನ್ನಬೇಕು. ನಿರ್ಗಮಿಸಿದ ಗುಂಡೂರಾವ್ ಕೂಡ ಬ್ರಾಹ್ಮಣರು. ಹೀಗೆ ಹಿಂದುಳಿದ ವರ್ಗಗಳ ರಾಜಕಾರಣಕ್ಕೆ ಅರಸು ಬುನಾದಿ ಹಾಕಿದ ರಾಜ್ಯದಲ್ಲಿ, ಅವರ ನಂತರ ಬ್ರಾಹ್ಮಣ ಮುಖ್ಯಮಂತ್ರಿಯ ಸ್ಥಾನಕ್ಕೆ ಮತ್ತೊಬ್ಬ ಬ್ರಾಹ್ಮಣರು ಬಂದರು.

ಬಂಗಾರಪ್ಪನವರ ಊರು ಸೊರಬ ತಾಲೂಕಿನ ಕುಬಟೂರು. ಸೊರಬ ಮತ್ತು ಸಿದ್ದಾಪುರ ಗಡಿ ಹಂಚಿಕೊಂಡ ತಾಲೂಕುಗಳು. ಬಂಗಾರಪ್ಪನವರ ದೀವರ ಸಮುದಾಯಕ್ಕೆ ಹತ್ತಿರದವರಾದ ನಾಮಧಾರಿಗಳು ಸಿದ್ದಾಪುರ, ಶಿರಸಿಗಳಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಬೆಂಗಳೂರಿನಲ್ಲಿ ಶಾಸಕರ ಲೆಕ್ಕಾಚಾರವಾಗಿದ್ದ ಸಂಗತಿ ಗಡಿಯ ಈ ಹಳ್ಳಿಗಳಲ್ಲಿ ನೆರೆಹೊರೆಯವರ ನಡುವಿನ ವಿಷಯವಾಗಿತ್ತು. ಮುನಿಸಿಕೊಂಡ ಬಂಗಾರಪ್ಪ ಕೆಲಕಾಲದ ನಂತರ ಕಾಂಗ್ರೆಸ್ ಸೇರಿ, 1990ರಲ್ಲಿ ಆ ಪಕ್ಷದಿಂದ ಮುಖ್ಯಮಂತ್ರಿಯಾದರು.

ಮುಖ್ಯಮಂತ್ರಿಯಾಗಿ

1983ರ ಜನವರಿ 10ರಂದು ಹೆಗಡೆಯವರು ಪ್ರಮಾಣವಚನ ಸ್ವೀಕರಿಸಿದರು. ಭಾರತೀಯ ಜನತಾ ಪಕ್ಷ ಮತ್ತು ಎಡಪಕ್ಷಗಳು ಹೊರಗಿನಿಂದ ಬೆಂಬಲಿಸಿದವು. ಪಿ.ಜಿ.ಆರ್. ಸಿಂಧ್ಯ ತೆರವು ಮಾಡಿಕೊಟ್ಟ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ವಿಧಾನಸಭೆ ಪ್ರವೇಶಿಸಿದರು. 1985ರಲ್ಲಿ ಬೆಂಗಳೂರಿನ ಬಸವನಗುಡಿಯಿಂದ ಆಯ್ಕೆಯಾದರು. ಮುಖ್ಯಮಂತ್ರಿಯಾಗಿ ಅವರು ಎರಡು ಬಾರಿಯೂ ವಿಧಾನಸಭೆಗೆ ಸ್ಪರ್ಧಿಸಿದ್ದು ತವರಿನಿಂದಲ್ಲ.

1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು ನಾಲ್ಕು ಮಾತ್ರ. ಹೆಗಡೆಯವರು ನೈತಿಕ ಹೊಣೆ ಹೊತ್ತು ರಾಜೀನಾಮೆ ನೀಡಿ ಹೊಸ ಚುನಾವಣೆ ಬಯಸಿದರು. ಇದು ನೈತಿಕ ನಡೆಯಷ್ಟೇ ಅಲ್ಲ, ಚಾಣಾಕ್ಷ ತಂತ್ರವೂ ಹೌದು. ದೆಹಲಿಗೆ ಮತ ನೀಡುವುದು ಬೇರೆ, ಬೆಂಗಳೂರಿಗೆ ನೀಡುವುದು ಬೇರೆ ಎಂಬ ತರ್ಕವನ್ನು ಜಾತಿಯ ಮಾತಿಲ್ಲದೆ ಅವರು ಜನರ ಮುಂದಿಟ್ಟರು. 1985ರ ಮಾರ್ಚಿನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನಗಳನ್ನು ಕೊಟ್ಟರು. ಜಾತಿಬಲವಿಲ್ಲದ ನಾಯಕನಿಗೆ ಇದಕ್ಕಿಂತ ದೊಡ್ಡ ಗೆಲುವು ಕರ್ನಾಟಕದಲ್ಲಿ ವಿರಳ.

ಆಡಳಿತದಲ್ಲಿ ಅವರ ಹೆಸರು ಉಳಿದಿರುವುದು ಮುಖ್ಯವಾಗಿ ಅಧಿಕಾರ ವಿಕೇಂದ್ರೀಕರಣದಿಂದ. ಸಚಿವ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾನೂನಿನಂತೆ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದು, ಶೇಕಡಾ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಲೋಕಾಯುಕ್ತ ಕಾನೂನು ಬಂದದ್ದೂ ಈ ಅವಧಿಯಲ್ಲಿ.

ಜಾತಿಯ ಪ್ರಶ್ನೆ ಮಾತ್ರ ಬೆನ್ನು ಬಿಡಲಿಲ್ಲ. ಅವರ ಸರ್ಕಾರವೇ ನೇಮಿಸಿದ ವೆಂಕಟಸ್ವಾಮಿ ಆಯೋಗವು 1986ರಲ್ಲಿ ವರದಿ ಸಲ್ಲಿಸಿ, ಒಕ್ಕಲಿಗರನ್ನೂ ಲಿಂಗಾಯತರನ್ನೂ ಹಿಂದುಳಿದವರ ಪಟ್ಟಿಯಿಂದ ಹೊರಗಿಟ್ಟಿತು. ತೀವ್ರ ಪ್ರತಿಭಟನೆಗಳಾದವು. ಸರ್ಕಾರ ವರದಿಯನ್ನು ಕೈಬಿಟ್ಟು, ಎರಡೂ ಸಮುದಾಯಗಳನ್ನು ಒಳಗೊಂಡ ಪಟ್ಟಿಯನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಹೊರಡಿಸಿತು. ಎರಡೂ ಬಣಗಳ ಸಮ್ಮತಿಯಿಂದ ಅಧಿಕಾರಕ್ಕೆ ಬಂದ ಮುಖ್ಯಮಂತ್ರಿಗೆ ಅವೆರಡನ್ನೂ ಏಕಕಾಲದಲ್ಲಿ ಎದುರು ಹಾಕಿಕೊಳ್ಳುವ ಶಕ್ತಿ ಇರಲಿಲ್ಲ. ಮೌಲ್ಯಾಧಾರಿತ ರಾಜಕಾರಣದ ಮಾತಾಡಿದವರ ಆಡಳಿತದಲ್ಲಿ ಇದು ದುರ್ಬಲ ಅಧ್ಯಾಯ.

ಅರಾಕ್ ಬಾಟ್ಲಿಂಗ್ ಗುತ್ತಿಗೆಯ ಕುರಿತು ಉಚ್ಚ ನ್ಯಾಯಾಲಯದ ಟೀಕೆಯ ಬಳಿಕ 1986ರಲ್ಲಿ ರಾಜೀನಾಮೆ ನೀಡಿ ಕೆಲವೇ ದಿನಗಳಲ್ಲಿ ಹಿಂಪಡೆದರು. ದೂರವಾಣಿ ಕದ್ದಾಲಿಕೆಯ ಆರೋಪದಿಂದ 1988ರ ಆಗಸ್ಟಿನಲ್ಲಿ ಅಧಿಕಾರ ತ್ಯಜಿಸಿದರು. ಬೊಮ್ಮಾಯಿ ಮುಖ್ಯಮಂತ್ರಿಯಾದರು.

ನಂತರದ ವರ್ಷಗಳು

ಪಕ್ಷ ಒಡೆದು, ದೇವೇಗೌಡರು ಬೇರೆಯಾದರು. 1989ರಲ್ಲಿ ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತು. ಲಿಂಗಾಯತ ಮತಗಳು ಹೆಗಡೆಯವರ ಹಳೆಯ ನಾಯಕನ ಕಡೆಗೇ ಹರಿದಿದ್ದವು. ವಿ.ಪಿ. ಸಿಂಗ್ ಸರ್ಕಾರದಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷರಾಗಿದ್ದ ಹೆಗಡೆಯವರು 1990ರಲ್ಲಿ ಆ ಸ್ಥಾನ ತೊರೆದರು. 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಸ್ಪರ್ಧಿಸಿ ಕಾಂಗ್ರೆಸ್ಸಿನ ಸಿದ್ದು ನ್ಯಾಮಗೌಡರೆದುರು ಸೋತರು. ರೈತರನ್ನು ಸಂಘಟಿಸಿ ಕೃಷ್ಣಾ ನದಿಗೆ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿಸಿದ್ದ ನ್ಯಾಮಗೌಡರು ಸ್ಥಳೀಯರು, ಹೆಗಡೆಯವರು ಹೊರಗಿನವರು.

1994ರಲ್ಲಿ ಜನತಾದಳ ಗೆದ್ದಾಗ ಶಾಸಕಾಂಗ ಪಕ್ಷ ದೇವೇಗೌಡರನ್ನು ಆರಿಸಿತು. ಹನ್ನೊಂದು ವರ್ಷಗಳ ಹಿಂದೆ ಇಲ್ಲದ ಏಕಸ್ವಾಮ್ಯ ಈಗ ಅವರಿಗಿತ್ತು. 1996ರ ಜೂನ್ 1ರಂದು ದೇವೇಗೌಡರು ಪ್ರಧಾನಿಯಾದರು. ಅದನ್ನು ಬಹಿರಂಗವಾಗಿ ಟೀಕಿಸಿದ ಹೆಗಡೆಯವರನ್ನು ಅದೇ ತಿಂಗಳು ಜನತಾದಳದಿಂದ ಉಚ್ಚಾಟಿಸಲಾಯಿತು. 1997ರಲ್ಲಿ ಅವರು ಲೋಕಶಕ್ತಿ ಪಕ್ಷ ಸ್ಥಾಪಿಸಿ, 1998ರಲ್ಲಿ ಭಾರತೀಯ ಜನತಾ ಪಕ್ಷದೊಡನೆ ಮೈತ್ರಿ ಮಾಡಿಕೊಂಡರು. ಕರ್ನಾಟಕದಲ್ಲಿ ಭಾ.ಜ.ಪ. 13, ಲೋಕಶಕ್ತಿ 3 ಸ್ಥಾನ ಗೆದ್ದವು. ಹೆಗಡೆಯವರು ವಾಜಪೇಯಿ ಸಂಪುಟದಲ್ಲಿ ವಾಣಿಜ್ಯ ಸಚಿವರಾದರು. ಉತ್ತರ ಕರ್ನಾಟಕದ ಲಿಂಗಾಯತ ಮತದಾರರು ಜನತಾ ಪರಿವಾರದಿಂದ ಭಾ.ಜ.ಪ. ಕಡೆಗೆ ದಾಟಲು ಈ ಮೈತ್ರಿ ಸೇತುವೆಯಾಯಿತು. ಸ್ವಂತ ಜಾತಿಬಲವಿಲ್ಲದ ನಾಯಕರೊಬ್ಬರು ಒಂದು ದೊಡ್ಡ ಸಮುದಾಯದ ಮತವನ್ನು ಮತ್ತೊಂದು ಪಕ್ಷಕ್ಕೆ ಒಯ್ದರು, ಆ ಮತಗಳು ಅಲ್ಲಿಯೇ ನೆಲೆನಿಂತವು. ಅವರ ಪಕ್ಷ ಮಾತ್ರ ಉಳಿಯಲಿಲ್ಲ, 1999ರಲ್ಲಿ ಜನತಾದಳ (ಸಂಯುಕ್ತ) ದಲ್ಲಿ ಲೀನವಾಯಿತು.

ಕೊನೆಯ ವರ್ಷಗಳಲ್ಲಿ ಸಕ್ರಿಯ ರಾಜಕಾರಣದಿಂದ ದೂರವಿದ್ದ ಹೆಗಡೆಯವರು 2004ರ ಜನವರಿ 12ರಂದು ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಭಾ.ಜ.ಪ. 79 ಸ್ಥಾನ ಗೆದ್ದು, ಮೊದಲ ಬಾರಿಗೆ ರಾಜ್ಯದ ಅತಿದೊಡ್ಡ ಪಕ್ಷವಾಯಿತು.