ಒಂದೇ ಮದ್ದು, ಹಲವು ಫಲ: ಡಾ. ಯಲ್ಲಾಪ್ರಗಡ ಸುಬ್ಬರಾವ್

ಒಂದೇ ಕಾಯಿಲೆಗೆ ಒಂದೇ ಮದ್ದು ಕೊಟ್ಟರೂ ಒಬ್ಬರಿಗೆ ಗುಣವಾಗುತ್ತದೆ, ಇನ್ನೊಬ್ಬರಿಗೆ ಆಗುವುದಿಲ್ಲ. ಸ್ಟೀರಾಯ್ಡ್ ಹಾರ್ಮೋನುಗಳ ಚಿಕಿತ್ಸೆಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಇಂಥದೇ ಒಗಟಿನೊಡನೆ ಜೀವಮಾನವಿಡೀ ಸೆಣಸಿದ ನೆರೆನಾಡಿನ ವಿಜ್ಞಾನಿಯೊಬ್ಬರನ್ನು ನಾವು ಇಲ್ಲಿ ಸ್ಮರಿಸುತ್ತಿದ್ದೇವೆ.

ಯಲ್ಲಾಪ್ರಗಡ ಸುಬ್ಬರಾವ್ ಅವರು ವಿಶಾಖಪಟ್ಟಣ ಮತ್ತು ವಿಜಯವಾಡಗಳ ನಡುವಿನ ಭೀಮವರಂನಲ್ಲಿ 1895ರ ಜನವರಿ 12ರಂದು ಜನಿಸಿದರು. ಸಣ್ಣ ಕರುಳಿಗೆ ಸಂಬಂಧಿಸಿದ ಸ್ಪ್ರೂ ಎಂಬ ವ್ಯಾಧಿಗೆ ಸೋದರರಿಬ್ಬರು ಬಲಿಯಾದರು. ಅದೇ ವ್ಯಾಧಿಗೆ ತುತ್ತಾದ ಇವರು ಮಾತ್ರ ಆಯುರ್ವೇದ ಚಿಕಿತ್ಸೆಯಿಂದ ಚೇತರಿಸಿಕೊಂಡರು. ಮದ್ರಾಸಿನಲ್ಲಿ ವೈದ್ಯ ವ್ಯಾಸಂಗ ಮುಗಿಸಿ, ಪತ್ನಿ ಶೇಷಗಿರಿಯವರನ್ನು ಊರಿನಲ್ಲಿ ಬಿಟ್ಟು ಅಮೆರಿಕಕ್ಕೆ ತೆರಳಿದರು. ಮತ್ತೆ ತಾಯ್ನಾಡಿಗೆ ಮರಳುವ ಯೋಗ ಅವರಿಗೆ ಒದಗಲಿಲ್ಲ.

ಹಾರ್ವರ್ಡ್‌ನಲ್ಲಿ ಫಿಸ್ಕ್ ಅವರೊಡನೆ ರಂಜಕವನ್ನು ಅಳೆಯುವ ವಿಧಾನವನ್ನು ರೂಪಿಸಿದರು. 1940ರಲ್ಲಿ ಲೆಡರ್ಲಿ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ಸಂಶ್ಲೇಷಿಸಿತು. ಸ್ಪ್ರೂ ರೋಗಿಗಳ ರಕ್ತಹೀನತೆ ಅದರಿಂದ ನೀಗಿತು. ಪರ್ನಿಶಿಯಸ್ ಅನೀಮಿಯಾ ಇದ್ದವರಲ್ಲಿ ರಕ್ತ ಸುಧಾರಿಸಿದರೂ ನರಗಳ ಹಾನಿ ನಿಲ್ಲಲಿಲ್ಲ. ಅವರಿಗೆ ಬೇಕಾಗಿದ್ದುದು ಬಿ12 ಜೀವಸತ್ವ. ಹೊರನೋಟಕ್ಕೆ ಒಂದೇ ಎನಿಸಿದ ರೋಗದ ಮೂಲ ಬೇರೆಯಾಗಿತ್ತು.

ಅದೇ ತಂಡ ಒದಗಿಸಿದ, ಫೋಲಿಕ್ ಆಮ್ಲವನ್ನು ಎದುರಿಸುವ ಅಮಿನಾಪ್ಟೆರಿನ್ ಮದ್ದನ್ನು ಬಾಸ್ಟನ್‌ನ ಡಾ. ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ ಮಕ್ಕಳಿಗೆ ನೀಡಿದರು. 1948ರ ವರದಿಯಂತೆ 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರು, ಅದೂ ತಾತ್ಕಾಲಿಕವಾಗಿ. ಉಳಿದವರಿಗೆ ಆ ಭಾಗ್ಯವೂ ದೊರೆಯಲಿಲ್ಲ.

1948ರ ಆಗಸ್ಟ್‌ನಲ್ಲಿ ಸುಬ್ಬರಾವ್ ನಿದ್ರೆಯಲ್ಲಿಯೇ ತೀರಿಕೊಂಡರು. ಮರುತಿಂಗಳೇ ಮೇಯೋ ಕ್ಲಿನಿಕ್‌ನಲ್ಲಿ ಸಂಧಿವಾತದ ರೋಗಿಗೆ ಮೊದಲ ಬಾರಿಗೆ ಕಾರ್ಟಿಸೋನ್ ನೀಡಲಾಯಿತು. ಸ್ಟೀರಾಯ್ಡ್ ಯುಗ ಆರಂಭವಾದುದನ್ನು ಕಾಣಲು ಅವರು ಇರಲಿಲ್ಲ.

ಸ್ಟೀರಾಯ್ಡ್ ಜೀವಕೋಶದೊಳಗಿನ ಗ್ರಾಹಕ ಪ್ರೋಟೀನಿಗೆ ಅಂಟಿಕೊಂಡು ವಂಶವಾಹಿಗಳ ಕಾರ್ಯವನ್ನು ಬದಲಿಸುತ್ತದೆ ಎಂಬುದನ್ನು ಇಂದು ನಾವು ಬಲ್ಲೆವು. ಗ್ರಾಹಕ ಕುಂದಿದ್ದರೆ ಅಥವಾ ಕೋಶ ಬೇರೆ ದಾರಿ ಹಿಡಿದರೆ ಮದ್ದು ನಾಟುವುದಿಲ್ಲ. ಆದ್ದರಿಂದ ರಕ್ತ ಕ್ಯಾನ್ಸರಿನ ಮಕ್ಕಳಿಗೆ ಕೆಲವು ಚಿಕಿತ್ಸಾ ಕ್ರಮಗಳಲ್ಲಿ ಮೊದಲ ವಾರ ಪ್ರೆಡ್ನಿಸೋನ್ ಕೊಡುತ್ತಾರೆ. ಜೊತೆಗೆ ಬೆನ್ನುಹುರಿಯ ದ್ರವಕ್ಕೆ ಒಮ್ಮೆ ಮೆಥೊಟ್ರೆಕ್ಸೇಟ್ ಸೇರಿಸುತ್ತಾರೆ. ಎಂಟನೆಯ ದಿನ ರಕ್ತದಲ್ಲಿ ಕ್ಯಾನ್ಸರ್ ಕೋಶಗಳು ಎಷ್ಟು ಉಳಿದಿವೆಯೆಂದು ಎಣಿಸಿ, ಮುಂದಿನ ಚಿಕಿತ್ಸೆ ಎಷ್ಟು ತೀವ್ರವಾಗಿರಬೇಕೆಂದು ನಿರ್ಧರಿಸುತ್ತಾರೆ. ಆ ಮೆಥೊಟ್ರೆಕ್ಸೇಟ್ ಸುಬ್ಬರಾವ್ ಅವರ ತಂಡದ್ದೇ ಕೊಡುಗೆ. ಸಂಧಿವಾತದಲ್ಲಿಯೂ ಸ್ಟೀರಾಯ್ಡಿನ ಪ್ರಮಾಣವನ್ನು ತಗ್ಗಿಸಲು ವೈದ್ಯರು ಅದನ್ನೇ ಆಶ್ರಯಿಸುತ್ತಾರೆ.

ಮದ್ದು ಫಲಿಸಲಿಲ್ಲವೆಂದರೆ ರೋಗಿಯ ತಪ್ಪೆಂದೋ ವಿಧಿಯೆಂದೋ ಕೈಚೆಲ್ಲದೆ ಕಾರಣವನ್ನು ಹುಡುಕಬೇಕು. ಭೀಮವರಂನ ಈ ಸುಪುತ್ರ ನಮಗೆ ಬಿಟ್ಟುಹೋದ ಪಾಠವಿದು. ಅವರಿಗೆ ನಮ್ಮ ನಮನಗಳು.