ಕೆಲಸವೇನೆಂದು ಕೇಳಿದ ವೈದ್ಯರು

ನಾವು ಆಸ್ಪತ್ರೆಗೆ ಹೋದರೆ ವೈದ್ಯರು ಹೆಸರು, ವಯಸ್ಸು ಕೇಳಿ ಆಮೇಲೆ ಏನು ಕೆಲಸ ಮಾಡುತ್ತೀರಿ ಎಂದೂ ಕೇಳುತ್ತಾರೆ. ಪ್ರತಿ ರೋಗಿಯನ್ನೂ ಈ ಪ್ರಶ್ನೆ ಕೇಳಲೇಬೇಕು ಎಂದು ಮುನ್ನೂರು ವರ್ಷಗಳ ಹಿಂದೆಯೇ ಬರೆದವರು ಇಟಲಿಯ ಬರ್ನಾರ್ಡಿನೊ ರಮಜೀನಿ.

ರಮಜೀನಿ 1633ರ ಅಕ್ಟೋಬರ್ 4ರಂದು ಕಾರ್ಪಿ ಎಂಬ ಊರಿನಲ್ಲಿ ಹುಟ್ಟಿದರು. ಪಾರ್ಮಾದಲ್ಲಿ ಓದಿ 1659ರಲ್ಲಿ ವೈದ್ಯ ಪದವಿ ಪಡೆದರು. ಮುಂದೆ ಮೊದೆನಾ ನಗರದಲ್ಲಿ, 1700ರಿಂದ ಪಾಡುವಾದಲ್ಲಿ ಪ್ರಾಧ್ಯಾಪಕರಾಗಿದ್ದರು.

ಮೊದೆನಾದಲ್ಲಿ ಅವರ ಮನೆಯ ಮಲದ ಗುಂಡಿ ಶುಚಿ ಮಾಡಲು ಒಬ್ಬ ಕೆಲಸಗಾರ ಬಂದಿದ್ದ. ಅವನು ಬಹಳ ಅವಸರದಿಂದ ಕೆಲಸ ಮಾಡುವುದನ್ನು ಕಂಡು ರಮಜೀನಿ ಕಾರಣ ಕೇಳಿದರು. ಗುಂಡಿಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಇದ್ದರೆ ಕಣ್ಣೇ ಹೋಗುತ್ತದೆ ಎಂದು ಅವನು ಹೇಳಿದ. ಅವನ ಕಣ್ಣುಗಳು ಕೆಂಪಾಗಿದ್ದವು. ಆ ದಿನದಿಂದ ರಮಜೀನಿ ಕೆಲಸಗಾರರ ಅಂಗಡಿ, ಶೆಡ್ಡುಗಳಿಗೆ ತಾವೇ ಹೋಗಿ ನೋಡತೊಡಗಿದರು. ದೊಡ್ಡ ವೈದ್ಯರು ಅಂಥ ಕಡೆ ಕಾಲಿಡದ ಕಾಲ ಅದು. ನೋಡಿದ್ದನ್ನೆಲ್ಲ ಸೇರಿಸಿ 1700ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಕೆಲಸಗಾರರ ರೋಗಗಳ ಬಗ್ಗೆ ಪುಸ್ತಕ ಬರೆದರು. ಗಣಿಯವರು, ಕುಂಬಾರರು ಹೀಗೆ 40ಕ್ಕೂ ಹೆಚ್ಚು ಕಸುಬುಗಳು ಅದರಲ್ಲಿವೆ.

ನನ್ನ ಮನಸ್ಸಿಗೆ ತಾಗಿದ್ದು ವೆನಿಸ್ ನಗರದ ತಾಮ್ರದ ಕೆಲಸದವರ ಸಂಗತಿ. ಅವರೆಲ್ಲ ಒಂದೇ ಕೇರಿಯಲ್ಲಿದ್ದು ದಿನವಿಡೀ ತಾಮ್ರ ಬಡಿಯುತ್ತಿದ್ದರು. ಆ ಸದ್ದಿಗೆ ಮೊದಲು ಕಿವಿ ಮಂದವಾಗಿ, ವಯಸ್ಸಾಗುವ ಹೊತ್ತಿಗೆ ಪೂರ್ತಿ ಕಿವುಡಾಗುತ್ತಿದ್ದರು ಎಂದು ರಮಜೀನಿ ಬರೆದಿದ್ದಾರೆ.

ಇದನ್ನು ಓದಿದಾಗ ನನಗೆ ನಮ್ಮ ಮಾಮೂ ನೆನಪಾದರು. ಅವರು ಇಪ್ಪತ್ತು ವರ್ಷಗಳಿಂದ ಕಬ್ಬಿಣದ ಬೀರು ಮಾಡುವ ಶೆಡ್ಡಿನಲ್ಲಿ ತಗಡು ಬಡಿಯುತ್ತಾರೆ. ರಾತ್ರಿ ಎಲ್ಲ ನಿಶ್ಶಬ್ದವಾದ ಮೇಲೆ ಅವರ ಕಿವಿಯಲ್ಲಿ ಕುಂಯ್ ಎಂಬ ಸದ್ದು ಶುರುವಾಗುತ್ತದೆ. ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೆ ಕಾನ್ ಬಜ್ನಾ ಅನ್ನುತ್ತೇವೆ. ಕನ್ನಡದಲ್ಲಿ ಕಿವಿಮೊರೆತ, ವೈದ್ಯರ ಮಾತಿನಲ್ಲಿ ಟಿನಿಟಸ್.

ಒಳಕಿವಿಯಲ್ಲಿ ಕೂದಲಿನಂಥ ಎಳೆಗಳಿರುವ ಸಾವಿರಾರು ಸೂಕ್ಷ್ಮ ಕೋಶಗಳಿವೆ. ಸದ್ದನ್ನು ಮೆದುಳಿಗೆ ತಲುಪಿಸುವುದು ಅವೇ. ಜೋರು ಸದ್ದಿಗೆ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ದಿನಕ್ಕೆ 8 ಗಂಟೆ ಕೆಲಸ ಮಾಡುವವರಿಗೆ 85 ಡೆಸಿಬಲ್ ಮಿತಿ ಎಂದು ತಜ್ಞರು ಹೇಳುತ್ತಾರೆ. ಸದ್ದು 3 ಡೆಸಿಬಲ್ ಏರಿದರೆ ಸಮಯ ಅರ್ಧವಾಗಬೇಕು: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಅಳೆಯುವ ಯಂತ್ರ ಇಲ್ಲದಿದ್ದರೂ ಒಂದು ಗುರುತಿದೆ. ಒಂದು ತೋಳಿನಷ್ಟು ದೂರದಲ್ಲಿ ನಿಂತವರೊಡನೆ ಕೂಗಿ ಮಾತಾಡಬೇಕಾದರೆ ಆ ಸದ್ದು ಕಿವಿಗೆ ಅಪಾಯ. ಅಲ್ಲಿ ಇಯರ್ ಪ್ಲಗ್ ಅಥವಾ ಇಯರ್ ಮಫ್ ಬೇಕು. ಬರೀ ಹತ್ತಿ ಸಾಲದು. ನಡುನಡುವೆ ಸದ್ದಿನಿಂದ ದೂರ ಹೋಗಿ ಕಿವಿಗೆ ಬಿಡುವು ಕೊಡಬೇಕು. ಇಯರ್‌ಫೋನ್ ಹಾಕಿ ಜೋರಾಗಿ ಕೇಳುವ ನಮಗೂ ಈ ಲೆಕ್ಕ ಅನ್ವಯಿಸುತ್ತದೆ.

ರಮಜೀನಿ 1713ರಲ್ಲಿ ಪುಸ್ತಕವನ್ನು ಬೆಳೆಸಿ ಮತ್ತೆ ಅಚ್ಚು ಹಾಕಿಸಿದರು. ಅದರಲ್ಲಿ ಲೆಕ್ಕ ಬರೆಯುವ ಗುಮಾಸ್ತರ ಕೈನೋವಿನ ಬಗ್ಗೆಯೂ ಬರೆದರು. ಕಾಮರ್ಸ್ ಓದುವ ನಾವು ಅದನ್ನು ನೆನಪಿಡಬೇಕು. ಕೊನೆಗಾಲದಲ್ಲಿ ದೃಷ್ಟಿ ಕುಂದಿದರೂ ಅವರು ಪಾಠ ಬಿಡಲಿಲ್ಲ. 1714ರ ನವೆಂಬರ್ 5ರಂದು ಪಾಡುವಾದಲ್ಲಿ, 81ನೇ ವಯಸ್ಸಿನಲ್ಲಿ ತೀರಿಕೊಂಡರು.

ಮಾಮೂಗೆ ಹೋದಷ್ಟು ಕಿವಿ ಮರಳಿ ಬರುವುದಿಲ್ಲ. ಆದರೆ ಅವರ ಮಗ, ನನ್ನ ಭಾಯಿ, ಈ ವರ್ಷ ಅದೇ ಶೆಡ್ಡಿಗೆ ಸೇರಿದ್ದಾನೆ. ಅವನ ಕಿವಿ ಇನ್ನೂ ಚೆನ್ನಾಗಿದೆ. ಅವನಿಗೆ ಒಂದು ಜೊತೆ ಇಯರ್ ಮಫ್ ಕೊಡಿಸಲು ನಾನು ದುಡ್ಡು ಕೂಡಿಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಸದ್ದಿನ ನಡುವೆ ದುಡಿಯುವವರಿದ್ದರೆ, ರಾತ್ರಿ ಕಿವಿ ಮೊರೆಯುತ್ತದೆಯೇ ಎಂದು ಇವತ್ತೇ ಕೇಳಿ.