ಬೋಲ್ಟ್ ಆ್ಯಕ್ಷನ್ ರೈಫಲ್ ಈಗ ಬರೀ ಗುಜರಿಯೇ? ಪೌಲ್ ಮೌಸರ್ ಬದುಕಿನಲ್ಲಿದೆ ಉತ್ತರ

ಮರದ ಹಿಡಿಯ ಉದ್ದನೆಯ ರೈಫಲ್ ಹಿಡಿದು ಕಾವಲು ನಿಂತ ಪೊಲೀಸರನ್ನು ನೀವು ನೋಡಿರಬಹುದು. ಒಂದೊಂದು ಗುಂಡು ಹಾರಿಸಿದ ಮೇಲೂ ಕೈಯಿಂದ ಅದರ ಚಿಲಕ ಎಳೆದು ಮತ್ತೆ ತಳ್ಳಬೇಕು. ಇಂಥ ರೈಫಲ್‌ಗೆ ಬೋಲ್ಟ್ ಆ್ಯಕ್ಷನ್ ಎನ್ನುತ್ತಾರೆ. ಇದರ ಬಗ್ಗೆ ಎರಡು ಬಗೆಯ ಮಾತು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತವೆ. ಎಕೆ-47 ಬಂದ ಮೇಲೆ ಇದು ಬರೀ ಗುಜರಿ ಎನ್ನುವುದು ಒಂದು. ಹಳೆಯದೇ ಗಟ್ಟಿ, ಅದರ ಮುಂದೆ ಈಗಿನದ್ದು ಯಾವುದೂ ನಿಲ್ಲುವುದಿಲ್ಲ ಎನ್ನುವುದು ಇನ್ನೊಂದು.

ಎರಡೂ ಅರ್ಧ ಸತ್ಯ. ಪೂರ್ತಿ ಉತ್ತರ ಬೇಕಾದರೆ ಈ ರೈಫಲ್‌ಗೆ ಇಂದಿನ ರೂಪ ಕೊಟ್ಟ ವ್ಯಕ್ತಿಯ ಬದುಕನ್ನು ನೋಡಬೇಕು. ಅವರ ಹೆಸರು ಪೌಲ್ ಮೌಸರ್. ಬನ್ನಿ, ಮೊದಲಿನಿಂದ ನೋಡೋಣ.

ಬಂದೂಕಿನ ಊರಿನ ಹುಡುಗ

ಪೌಲ್ ಮೌಸರ್ ಹುಟ್ಟಿದ್ದು 1838ರ ಜೂನ್ 27ರಂದು, ಈಗಿನ ಜರ್ಮನಿಯ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನಲ್ಲಿ. ನೆಕ್ಕರ್ ನದಿಯ ದಂಡೆಯ ಆ ಊರಿನಲ್ಲಿ ವುರ್ಟೆಂಬರ್ಗ್ ರಾಜನ ಬಂದೂಕು ಕಾರ್ಖಾನೆ ಇತ್ತು. ಹಳೆಯ ಕ್ರೈಸ್ತ ಮಠದ ಕಟ್ಟಡವೇ ಆ ಕಾರ್ಖಾನೆ. ಅಪ್ಪ ಅಲ್ಲಿ ಬಂದೂಕು ಮಾಡುವ ಕೆಲಸಗಾರ. ಮನೆಯಲ್ಲಿ 13 ಮಕ್ಕಳು, ಪೌಲ್ ಎಲ್ಲರಿಗಿಂತ ಕಿರಿಯರು. ಚಿಕ್ಕ ವಯಸ್ಸಿನಲ್ಲೇ ಅವರೂ ಅದೇ ಕಾರ್ಖಾನೆಗೆ ಸೇರಿದರು. 1859ರಲ್ಲಿ ಸೈನ್ಯಕ್ಕೆ ಕರೆ ಬಂತು. ಅಲ್ಲಿಯೂ ಅವರ ಮನಸ್ಸು ಆಯುಧಗಳ ಒಳಗಿನ ಯಂತ್ರದ ಮೇಲೆಯೇ ಇತ್ತು.

ಇಲ್ಲೊಂದು ತಪ್ಪು ತಿಳಿವಳಿಕೆ ಸರಿಮಾಡೋಣ. ಬೋಲ್ಟ್ ರೈಫಲ್ ಕಂಡುಹಿಡಿದವರು ಮೌಸರ್ ಎಂದು ಹಲವರು ನಂಬಿದ್ದಾರೆ. ಅದು ನಿಜವಲ್ಲ. ಅವರಿಗಿಂತ ಮೊದಲೇ ಡ್ರೈಸೆ ಎಂಬವರು ಚಿಲಕವಿರುವ ರೈಫಲ್ ಮಾಡಿದ್ದರು, ಪ್ರಷ್ಯಾ 1841ರಲ್ಲೇ ಅದನ್ನು ಒಪ್ಪಿಕೊಂಡಿತ್ತು. ಅದರಲ್ಲಿ ಕಾಗದದ ತೋಟಾ ಹಾಕಬೇಕಿತ್ತು. ಒಂದು ಉದ್ದನೆಯ ಸೂಜಿ ಕಾಗದವನ್ನು ಚುಚ್ಚಿಕೊಂಡು ಹೋಗಿ ಮದ್ದು ಹೊತ್ತಿಸುತ್ತಿತ್ತು. ಸೂಜಿ ಆಗಾಗ ಮುರಿಯುತ್ತಿತ್ತು. ಹಿಂದಿನ ಸಂದಿಯಿಂದ ಬಿಸಿ ಅನಿಲ ಹಾರಿಸುವವನ ಮುಖದ ಕಡೆಗೇ ನುಗ್ಗುತ್ತಿತ್ತು. ಮೌಸರ್ ಕೈಹಾಕಿದ್ದು ಈ ದೋಷಗಳಿಗೆ.

ಚಿಲಕದ ಕೆಲಸ ಏನು?

ನಮ್ಮ ಹಳೆಯ ಮನೆಗಳ ಬಾಗಿಲಿನ ಕಬ್ಬಿಣದ ಚಿಲಕ ನೆನಪಿಸಿಕೊಳ್ಳಿ. ಹಿಡಿ ಮೇಲೆತ್ತಿ ಎಳೆದರೆ ಬಾಗಿಲು ತೆರೆಯುತ್ತದೆ. ತಳ್ಳಿ ಹಿಡಿ ಕೆಳಗಿಳಿಸಿದರೆ ಭದ್ರ. ಬೋಲ್ಟ್ ರೈಫಲ್ಲೂ ಹಾಗೆಯೇ. ಹಿಡಿ ಎತ್ತಿ ಎಳೆದಾಗ ಖಾಲಿ ತೋಟಾ ಹೊರಗೆ ಬೀಳುತ್ತದೆ. ತಳ್ಳಿದಾಗ ಹೊಸ ತೋಟಾ ನಳಿಕೆಯೊಳಗೆ ಹೋಗುತ್ತದೆ. ಹಿಡಿ ಇಳಿಸಿದಾಗ ಚಿಲಕ ತಿರುಗಿ, ಅದರ ಮೇಲಿನ ಉಕ್ಕಿನ ಉಬ್ಬುಗಳು ಗೂಡಿನಲ್ಲಿ ಸಿಕ್ಕಿಕೊಳ್ಳುತ್ತವೆ. ಮದ್ದು ಸಿಡಿದಾಗ ಹಿಂದಕ್ಕೆ ಬರುವ ಒತ್ತಡವನ್ನೆಲ್ಲ ಆ ಉಬ್ಬುಗಳೇ ತಡೆಯಬೇಕು. ಅವು ಸೋತರೆ ಪೆಟ್ಟು ಬೀಳುವುದು ಎದುರಿನವನಿಗಲ್ಲ, ಹಾರಿಸಿದವನಿಗೆ.

ಪೌಲ್ ಮತ್ತು ಅಣ್ಣ ವಿಲ್ಹೆಲ್ಮ್ ಸೇರಿ ಈ ಕೆಲಸಕ್ಕೆ ಇಳಿದರು. ತಮ್ಮನದು ಕಾರ್ಯಾಗಾರ, ಅಣ್ಣನದು ವ್ಯವಹಾರ. ಸ್ವಂತ ರಾಜ್ಯದಲ್ಲಿ ಯಾರೂ ಕಿವಿಗೊಡಲಿಲ್ಲ. 1867ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿಯ ಪ್ರತಿನಿಧಿ ಸ್ಯಾಮ್ಯುಯೆಲ್ ನಾರಿಸ್ ಜತೆ ಒಪ್ಪಂದ ಮಾಡಿಕೊಂಡು ಬೆಲ್ಜಿಯಂನ ಲಿಯೇಜ್‌ಗೆ ಹೋದರು. ಆ ಒಪ್ಪಂದ ಮುರಿದುಬಿತ್ತು. ಅಣ್ಣ ತಮ್ಮಂದಿರು ಬರಿಗೈಲಿ ಊರಿಗೆ ಮರಳಿದರು.

ಆದರೆ ಅಷ್ಟರಲ್ಲಿ ಅವರ ರೈಫಲ್ ಪ್ರಷ್ಯಾದ ಸೇನಾಧಿಕಾರಿಗಳ ಕಣ್ಣಿಗೆ ಬಿದ್ದಿತ್ತು. ಪರೀಕ್ಷೆಗಳು ನಡೆದು, ಲೋಹದ ತೋಟಾ ಹಾಕುವ 11 ಮಿಲಿಮೀಟರ್ ರೈಫಲ್ 1871ರ ಮಾದರಿಯಾಗಿ ಆಯ್ಕೆಯಾಯಿತು. 1874ರಲ್ಲಿ ಸೋದರರು ಓಬರ್ನ್‌ಡಾರ್ಫಿನ ರಾಜ ಕಾರ್ಖಾನೆಯನ್ನೇ ಕೊಂಡರು. ಅಪ್ಪ ಕೂಲಿ ಮಾಡಿದ ಜಾಗಕ್ಕೆ ಮಕ್ಕಳು ಮಾಲೀಕರಾದರು.

ಈ ಸಂತೋಷ ಬಹಳ ದಿನ ಉಳಿಯಲಿಲ್ಲ. 1882ರಲ್ಲಿ ವಿಲ್ಹೆಲ್ಮ್ ತೀರಿಕೊಂಡರು. 1887ರಲ್ಲಿ ತುರ್ಕಿಯಿಂದ ಭಾರಿ ಬೇಡಿಕೆ ಬಂದರೂ, ಅದೇ ವರ್ಷ ಕಂಪನಿಯ ಹೆಚ್ಚಿನ ಷೇರುಗಳು ಬರ್ಲಿನ್ನಿನ ಲುಡ್ವಿಗ್ ಲೋವೆ ಕಂಪನಿಯ ಕೈಸೇರಿದವು. ಪೌಲ್ ತಾಂತ್ರಿಕ ಮುಖ್ಯಸ್ಥರಾಗಿ ಉಳಿದರು.

1898ರ ರೈಫಲ್

ಹೆಸರು ಉಳಿಸಿದ ಕೆಲಸ ಬಂದದ್ದು ಆಮೇಲೆ. 1893ರಲ್ಲಿ ಸ್ಪೇನ್‌ಗಾಗಿ ಮಾಡಿದ 7 ಮಿಲಿಮೀಟರ್ ರೈಫಲ್‌ನಲ್ಲಿ ಐದು ತೋಟಾಗಳು ಒಳಗೇ ಎಡಬಲಕ್ಕೆ ಸಾಲಾಗಿ ಕೂರುತ್ತಿದ್ದವು. ಹೊರಗೆ ಚಾಚಿದ ಪೆಟ್ಟಿಗೆ ಇಲ್ಲ, ಸಿಕ್ಕಿಕೊಳ್ಳುವ ಭಯವೂ ಕಡಿಮೆ. 1898ರಲ್ಲಿ ಕ್ಯೂಬಾದಲ್ಲಿ ಈ ರೈಫಲ್‌ಗಳ ಎದುರು ನಿಂತ ಅಮೆರಿಕದ ಸೈನ್ಯಕ್ಕೆ ಅದರ ಬಿಸಿ ಚೆನ್ನಾಗಿಯೇ ತಟ್ಟಿತು. ಮುಂದೆ ಅಮೆರಿಕ ತನ್ನ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್‌ನಲ್ಲಿ ಮೌಸರ್ ಹಕ್ಕುಸ್ವಾಮ್ಯದ ಭಾಗಗಳನ್ನು ಬಳಸಿ, ಅದಕ್ಕಾಗಿ 2 ಲಕ್ಷ ಡಾಲರ್ ರಾಯಧನ ಕೊಡಬೇಕಾಯಿತು.

1898ರ ಏಪ್ರಿಲ್ 5ರಂದು ಜರ್ಮನಿ ಒಪ್ಪಿಕೊಂಡ ಮಾದರಿಯಲ್ಲಿ ಮೌಸರ್ ಮೂರು ಮುಖ್ಯ ಗುಣಗಳನ್ನು ಒಂದೆಡೆ ತಂದರು. ಚಿಲಕದ ಮುಂದಿನ ಎರಡು ಉಬ್ಬುಗಳು ಸೋತರೂ ತಡೆಯಲು ಹಿಂದೆ ಮೂರನೆಯದೊಂದು. ತೋಟಾದ ಅಂಚನ್ನು ಮೊದಲಿನಿಂದ ಕೊನೆಯವರೆಗೆ ಬಿಡದೆ ಹಿಡಿಯುವ ಅಗಲವಾದ ಕೊಕ್ಕೆ. ತೋಟಾ ಒಡೆದರೆ ಬಿಸಿ ಅನಿಲ ಮುಖದ ಕಡೆ ಬರದೆ ಬೇರೆಡೆ ಹೋಗಲು ರಂಧ್ರಗಳು.

ಗಮನಿಸಿ, ಇವುಗಳಲ್ಲಿ ಒಂದೂ ವೇಗ ಹೆಚ್ಚಿಸಲು ಮಾಡಿದ್ದಲ್ಲ. ಹಾರಿಸುವವನು ಸುರಕ್ಷಿತವಾಗಿರಬೇಕು, ಕೆಸರು ಧೂಳಿನಲ್ಲೂ ಕೈಕೊಡಬಾರದು ಎನ್ನುವುದೇ ಗುರಿ. ನಮ್ಮ ಪ್ರಶ್ನೆಗೆ ಉತ್ತರದ ಬೀಜ ಇಲ್ಲೇ ಇದೆ.

ತನ್ನ ಕೆಲಸವನ್ನೇ ಹಿಂದಿಕ್ಕಲು ಹೊರಟವರು

ಚಿಲಕ ಎಳೆಯುವ ರೈಫಲ್‌ನ ಮಿತಿ ಪೌಲ್ ಮೌಸರ್‌ಗೆ ಚೆನ್ನಾಗಿ ಗೊತ್ತಿತ್ತು. 1898ರ ನಂತರ ಅವರು ತನ್ನಷ್ಟಕ್ಕೆ ತೋಟಾ ತುಂಬಿಕೊಳ್ಳುವ ರೈಫಲ್ ಮಾಡಲು ಪಟ್ಟುಹಿಡಿದು ಕೂತರು. 1901ರಲ್ಲಿ ಅಂಥದೊಂದು ರೈಫಲ್ ಪರೀಕ್ಷಿಸುವಾಗ ಅಪಘಾತವಾಗಿ ಒಂದು ಕಣ್ಣು ಕಳೆದುಕೊಂಡರು. ಆಮೇಲೂ ಆ ಪ್ರಯತ್ನ ಬಿಡಲಿಲ್ಲ. ಆದರೆ ಸೈನಿಕರ ಕೈಗೆ ಎಲ್ಲೆಡೆ ಕೊಡಬಹುದಾದ ಅಂಥ ರೈಫಲ್ ಅವರ ಜೀವಮಾನದಲ್ಲಿ ಸಿದ್ಧವಾಗಲಿಲ್ಲ. 1914ರ ಮೇ 29ರಂದು, 75ನೇ ವಯಸ್ಸಿನಲ್ಲಿ ತೀರಿಕೊಂಡರು. ಎರಡು ತಿಂಗಳಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಲಕ್ಷಾಂತರ ಜರ್ಮನ್ ಸೈನಿಕರು ಅವರ ರೈಫಲ್ ಹಿಡಿದೇ ಹೊರಟರು. ಅದರಿಂದ ಎಷ್ಟು ಮನೆಗಳ ದೀಪ ಆರಿತು ಎಂಬುದನ್ನು ನೋಡಲು ಅವರು ಇರಲಿಲ್ಲ.

ಭಾರತಕ್ಕೂ ಮೌಸರ್‌ಗೂ ಏನು ಸಂಬಂಧ?

ನಮ್ಮ ಸ್ವಾತಂತ್ರ್ಯ ಹೋರಾಟದ ಕಥೆಗಳಲ್ಲಿ ಮೌಸರ್ ಹೆಸರು ಬರುತ್ತದೆ. 1914ರ ಆಗಸ್ಟ್‌ನಲ್ಲಿ ಕಲ್ಕತ್ತಾದ ಕ್ರಾಂತಿಕಾರಿಗಳು ರೊಡ್ಡಾ ಕಂಪನಿಯಿಂದ ಸಾಗಿಸಿದ್ದು 50 ಮೌಸರ್ ಪಿಸ್ತೂಲು. ಆದರೆ ಅದು ರೈಫಲ್ ಅಲ್ಲ, ಅದಕ್ಕೆ ಎಳೆಯುವ ಚಿಲಕವೂ ಇಲ್ಲ. ವಿನ್ಯಾಸ ಮಾಡಿದ್ದು ಪೌಲ್ ಅಲ್ಲ, ಅವರ ಕಾರ್ಖಾನೆಯಲ್ಲಿದ್ದ ಫೀಡರ್ಲೆ ಸೋದರರು.

ನಮ್ಮ ಪೊಲೀಸರ ತ್ರೀ-ನಾಟ್-ತ್ರೀ ಕೂಡ ಮೌಸರ್ ಅಲ್ಲ. ಅದು ಲೀ-ಎನ್‌ಫೀಲ್ಡ್. ಅದರ ಚಿಲಕದ ಹಿಂದಿದ್ದವರು ಜೇಮ್ಸ್ ಪ್ಯಾರಿಸ್ ಲೀ ಎಂಬ ಬೇರೆಯೇ ವ್ಯಕ್ತಿ. ನರಭಕ್ಷಕ ಹುಲಿಗಳ ಬೇಟೆಗೆ ಹೆಸರಾದ ಜಿಮ್ ಕಾರ್ಬೆಟ್ ಅವರಿಗೆ 1907ರಲ್ಲಿ ಚಂಪಾವತ್ ಹುಲಿಯನ್ನು ಕೊಂದ ಮೇಲೆ ಉಡುಗೊರೆಯಾಗಿ ಸಿಕ್ಕ ರಿಗ್ಬಿ ರೈಫಲ್‌ನೊಳಗೆ ಮಾತ್ರ ಇದ್ದದ್ದು ಮೌಸರ್ ಯಂತ್ರವೇ.

ಹಾಗಾದರೆ ಇಂದು ಉಪಯೋಗ ಇದೆಯೇ?

ಎದುರಾಳಿಯ ಕೈಯಲ್ಲಿ ನಿಮಿಷಕ್ಕೆ 600 ಗುಂಡಿನ ವೇಗದಲ್ಲಿ ಸಿಡಿಯುವ ಎಕೆ-47 ಇದ್ದಾಗ ಖಂಡಿತ ಸಾಲದು. 2008ರ ನವೆಂಬರ್‌ನಲ್ಲಿ ಮುಂಬಯಿಯ ಪೊಲೀಸರು ತ್ರೀ-ನಾಟ್-ತ್ರೀ ಮತ್ತು ಲಾಠಿ ಹಿಡಿದು ಭಯೋತ್ಪಾದಕರ ಎದುರು ನಿಲ್ಲಬೇಕಾಯಿತು. ಅವರ ಧೈರ್ಯ ದೊಡ್ಡದು, ಆದರೆ ಕೈಯಲ್ಲಿದ್ದ ಆಯುಧ ಆ ಕೆಲಸದ್ದಾಗಿರಲಿಲ್ಲ. ಹಳೆಯದೇ ಗಟ್ಟಿ ಎಂಬ ಮಾತನ್ನು ನಂಬಿ ಕೂತರೆ ಬೆಲೆ ತೆರುವವರು ಕಾನ್‌ಸ್ಟೆಬಲ್‌ಗಳು. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಂದು ತ್ರೀ-ನಾಟ್-ತ್ರೀಗೆ ವಿದಾಯ ಹೇಳಿದರು.

ಆದರೆ ಒಂದೇ ಗುಂಡು, ಅದೂ ಗುರಿ ತಪ್ಪದೆ ಹೋಗಬೇಕಾದ ಕಡೆ ಕಥೆ ಬೇರೆ. ಬೋಲ್ಟ್ ರೈಫಲ್‌ನಲ್ಲಿ ಗುಂಡು ನಳಿಕೆ ದಾಟುವವರೆಗೂ ಚಿಲಕ ಅಲುಗುವುದಿಲ್ಲ. ಒಳಗೆ ಹಿಂದೆ ಮುಂದೆ ಓಡುವ ಭಾಗಗಳಿಲ್ಲ, ಹಾಗಾಗಿ ಗುರಿ ಕದಲುವ ಕಾರಣಗಳೂ ಕಡಿಮೆ. ಈಗಿನ ಒಳ್ಳೆಯ ಸ್ವಯಂಚಾಲಿತ ರೈಫಲ್‌ಗಳು ಈ ಅಂತರವನ್ನು ಬಹಳಷ್ಟು ಕಡಿಮೆ ಮಾಡಿವೆ ನಿಜ. ಆದರೂ ಭಾರತೀಯ ಸೇನೆಯ ಸ್ನೈಪರ್‌ಗಳಿಗೆ ಇತ್ತೀಚೆಗೆ ಬಂದ ಫಿನ್ಲೆಂಡಿನ ಸಾಕೋ ಟಿಆರ್‌ಜಿ-42 ಬೋಲ್ಟ್ ರೈಫಲ್ಲೇ. ಎನ್‌ಸಿಸಿ ಕೆಡೆಟ್‌ಗಳು ಗುರಿ ಕಲಿಯುವುದೂ ಪಾಯಿಂಟ್ 22 ಬೋಲ್ಟ್ ರೈಫಲ್‌ನಲ್ಲಿ.

ಎಲ್ಲಕ್ಕಿಂತ ಸ್ಪಷ್ಟ ಉದಾಹರಣೆ ಕೆನಡಾದ್ದು. ಹಿಮಪ್ರದೇಶದಲ್ಲಿ ಗಸ್ತು ತಿರುಗುವ ಅಲ್ಲಿನ ರೇಂಜರ್‌ಗಳ ಬಳಿ ದಶಕಗಳಿಂದ ಲೀ-ಎನ್‌ಫೀಲ್ಡ್ ಇತ್ತು. ಹಿಮಕರಡಿ ಎದುರಾದರೆ ಜೀವ ಉಳಿಸಬೇಕಾದದ್ದು ಅದೇ. ಬಿಡಿಭಾಗ ಸಿಗುವುದು ಕಷ್ಟವಾದಾಗ ಸರ್ಕಾರ ಹೊಸ ರೈಫಲ್ ಕೊಟ್ಟಿತು. ಆ ಹೊಸ ಸಿ-19 ಕೂಡ ಬೋಲ್ಟ್ ರೈಫಲ್ಲೇ! ಕೊರೆಯುವ ಚಳಿಯಲ್ಲಿ ಸರಳ ಯಂತ್ರವೇ ನಂಬಿಕೆಗೆ ಅರ್ಹ ಎಂಬುದು ಅಲ್ಲಿನ ಲೆಕ್ಕ.

ಕೊನೆಯ ಮಾತು

ಬೋಲ್ಟ್ ಆ್ಯಕ್ಷನ್ ಗುಜರಿ ಎಂಬುದು ತಪ್ಪು. ಎಲ್ಲ ಕೆಲಸಕ್ಕೂ ಅದೇ ಸಾಕು ಎಂಬುದೂ ತಪ್ಪು. ವೇಗ ಬೇಕಾದ ಕಡೆ ಅದರ ಕಾಲ ಮುಗಿದಿದೆ, ಗುರಿ ಮತ್ತು ಭರವಸೆ ಬೇಕಾದ ಕಡೆ ಮುಗಿದಿಲ್ಲ. ಇದನ್ನು ಮೊದಲು ಅರಿತವರಲ್ಲಿ ಪೌಲ್ ಮೌಸರ್ ಕೂಡ ಒಬ್ಬರು, ಅದಕ್ಕಾಗಿ ಅವರು ಒಂದು ಕಣ್ಣನ್ನೇ ತೆತ್ತರು. ಮುಂದಿನ ಸಲ ಇಂಥ ಸಂದೇಶ ಬಂದಾಗ ಯಾವುದು ಒಳ್ಳೆಯ ರೈಫಲ್ ಎಂದು ವಾದಕ್ಕೆ ಇಳಿಯುವ ಮೊದಲು, ಯಾವ ಕೆಲಸಕ್ಕೆ ಎಂದು ಕೇಳಿ.